ಕನ್ನಡದ ಹೆಸರಿನಲ್ಲಿ ಕೇಳದೆ ಎತ್ತಿಕೊಂಡ ಆಟಗಳು

ಹೊರನಾಡಿನ ಕನ್ನಡ ಸಂಘಗಳಲ್ಲಿ ‘ಕನ್ನಡಕ್ಕಾಗಿ’ ಎಂಬ ಮಾತಿಗೆ ವಿಲಕ್ಷಣವಾದೊಂದು ಶಕ್ತಿಯಿದೆ. ಅದನ್ನು ಉಚ್ಚರಿಸಿದೊಡನೆ ಸಭಾಭವನದ ಬಾಡಿಗೆ ಇಳಿಯುತ್ತದೆ. ಕಲಾವಿದರ ಸಂಭಾವನೆ ಶಾಲು-ಹಾರಗಳಲ್ಲಿ ಮುಗಿಯುತ್ತದೆ. ಅಚ್ಚಿನ ಮನೆಯವರು ತಮ್ಮ ಬಾಕಿಯನ್ನು ಮುಂದಿನ ರಾಜ್ಯೋತ್ಸವದವರೆಗೆ ಮರೆಯುತ್ತಾರೆ. ಈ ಮಾತಿನ ಬಲದಿಂದಲೇ ನಮ್ಮ ಹಿರಿಯರು ಪರಭಾಷಾ ಪ್ರಾಂತಗಳಲ್ಲಿ ಶಾಲೆಗಳನ್ನು ಕಟ್ಟಿದರು, ವಾಚನಾಲಯಗಳನ್ನು ನಡೆಸಿದರು. ಅದನ್ನು ಹಗುರವಾಗಿ ಕಾಣುವ ಉದ್ದೇಶ ಈ ಬರಹಕ್ಕಿಲ್ಲ. ಆದರೆ ಮತ್ತೊಬ್ಬರ ಕೃತಿಯನ್ನು ಅವರನ್ನು ಕೇಳದೆ ಎತ್ತಿಕೊಳ್ಳುವುದಕ್ಕೂ ಇದೇ ಮಾತು ಪರವಾನಗಿಯಾಗತೊಡಗಿದಾಗ ಸುಮ್ಮನಿರುವುದು ಸಾಧ್ಯವಿಲ್ಲ.

ವಿಷಯ ಮೇಲುನೋಟಕ್ಕೆ ಚಿಕ್ಕದು. ಮಕ್ಕಳ ಆಟಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ಹಿಂದಿಯನ್ನೋ ಆಡುತ್ತ ಬೆಳೆಯುವ ಮಕ್ಕಳಲ್ಲಿ ಕನ್ನಡವನ್ನು ಉಳಿಸುವುದು ಹೇಗೆ ಎಂಬುದು ನಮ್ಮೆಲ್ಲರ ಚಿಂತೆ. ಇದಕ್ಕೆ ನಮ್ಮ ತರುಣರು ಕಂಡುಕೊಂಡ ಹೊಸ ಉತ್ತರ, ಮೊಬೈಲಿನಲ್ಲಿ ಕನ್ನಡದ ಬೋರ್ಡ್ ಆಟಗಳು. ಉತ್ತರವೇನೋ ಒಳ್ಳೆಯದು. ಪದ್ಯವನ್ನು ಬಾಯಿಪಾಠ ಮಾಡಲು ಒಲ್ಲದ ಮಗು ಆಟ ಗೆಲ್ಲುವುದಕ್ಕಾಗಿ ಹತ್ತು ಪದ ಕಲಿತರೆ ಬೇಡವೆನ್ನುವವರಾರು? ಆದರೆ ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯನ್ನು ಬಿಚ್ಚಿ, ಮಣೆಯನ್ನೂ ಚೀಟಿಗಳನ್ನೂ ಸ್ಕ್ಯಾನ್ ಮಾಡಿ, ನಿಯಮದ ಹಾಳೆಯನ್ನು ಅಕ್ಷರಶಃ ಇಳಿಸಿಕೊಂಡು, ಪೆಟ್ಟಿಗೆಯ ಮೇಲಿನ ಹೆಸರನ್ನೇ ಇಟ್ಟು, ಕೆಳಗೆ ‘ಸಂಘದ ಕೊಡುಗೆ’ ಎಂದು ಬರೆದು ಹಂಚುವುದನ್ನು ಏನೆಂದು ಕರೆಯೋಣ? ಹಕ್ಕುದಾರರನ್ನು ಕೇಳಿದಿರಾ ಎಂದರೆ ಮೂರು ಸಮಾಧಾನಗಳು ಸಿದ್ಧವಾಗಿರುತ್ತವೆ. ಆಟದ ನಿಯಮ ಯಾರ ಸ್ವತ್ತೂ ಅಲ್ಲ ಎಂಬುದು ಮೊದಲನೆಯದು. ಪಾಶ್ಚಾತ್ಯರು ನಮ್ಮ ಪಗಡೆಯನ್ನು ಕೇಳದೆ ಒಯ್ದರು, ನಾವೇಕೆ ಕೇಳಬೇಕು ಎಂಬುದು ಎರಡನೆಯದು. ಇದು ವ್ಯಾಪಾರವಲ್ಲ, ಸೇವೆ ಎಂಬುದು ಮೂರನೆಯದು. ಮೂರನ್ನೂ ಒರೆಗೆ ಹಚ್ಚಿ ನೋಡಬೇಕಾಗಿದೆ.

ಮೊದಲನೆಯದು ಅರ್ಧ ಸತ್ಯ, ಆದುದರಿಂದಲೇ ಅಪಾಯಕಾರಿ. ನಮ್ಮ 1970ರ ಪೇಟೆಂಟ್ ಕಾಯಿದೆಯ 3ನೆಯ ಕಲಮು ಆಟವಾಡುವ ವಿಧಾನಕ್ಕೆ ಪೇಟೆಂಟು ಸಲ್ಲದೆಂದು ಸ್ಪಷ್ಟವಾಗಿ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯೂ ಕಲ್ಪನೆಯನ್ನು ಕಾಯುವುದಿಲ್ಲ, ಅದರ ಅಭಿವ್ಯಕ್ತಿಯನ್ನು ಕಾಯುತ್ತದೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ನಮ್ಮ ದೇಶದಲ್ಲಿಯೇ ಒಮ್ಮೆ ಪರೀಕ್ಷೆಗೆ ಒಳಗಾಗಿದೆ. ಸ್ಕ್ರ್ಯಾಬಲ್ ಎಂಬ ಪದಜೋಡಣೆಯ ಆಟವನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಅದನ್ನು ರೂಪಿಸಿದ. 1948ರಲ್ಲಿ ಜೇಮ್ಸ್ ಬ್ರುನೋ ಅದಕ್ಕೆ ಈಗಿನ ಹೆಸರನ್ನು ಕೊಟ್ಟು ಮಾರುಕಟ್ಟೆಗೆ ತಂದ. ಇಂದು ಅಮೆರಿಕ ಮತ್ತು ಕೆನಡಗಳಲ್ಲಿ ಅದರ ಹಕ್ಕು ಹ್ಯಾಸ್‌ಬ್ರೊ ಕಂಪನಿಯದು, ಉಳಿದ ಜಗತ್ತಿನಲ್ಲಿ ಮ್ಯಾಟೆಲ್ ಕಂಪನಿಯದು. ಕಲ್ಕತ್ತೆಯ ರಜತ್ ಮತ್ತು ಜಯಂತ್ ಅಗರ್‌ವಾಲಾ ಎಂಬ ಸೋದರರು ಈ ಆಟವನ್ನು ಗಣಕಯಂತ್ರಕ್ಕೆ ತಂದು ‘ಸ್ಕ್ರ್ಯಾಬ್ಯುಲಸ್’ ಎಂದು ಹೆಸರಿಟ್ಟರು. 2007ರಲ್ಲಿ ಅದು ಫೇಸ್‌ಬುಕ್ಕಿಗೆ ಬಂದು ಲಕ್ಷಾಂತರ ಜನರ ಚಟವಾಯಿತು. ಹಕ್ಕುದಾರರ ಅನುಮತಿ ಮಾತ್ರ ಇರಲಿಲ್ಲ. 2008ರ ಜುಲೈನಲ್ಲಿ ಹ್ಯಾಸ್‌ಬ್ರೊ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ಕೆಲವೇ ದಿನಗಳಲ್ಲಿ ಅಮೆರಿಕ-ಕೆನಡಗಳ ಆಟಗಾರರಿಗೆ ಅದರ ಬಾಗಿಲು ಮುಚ್ಚಿತು. ಮ್ಯಾಟೆಲ್ ದಿಲ್ಲಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತು.

2008ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರು ಇತ್ತ ಮಧ್ಯಂತರ ಆದೇಶವನ್ನು ನಮ್ಮ ತರುಣರು ಒಮ್ಮೆ ಓದಬೇಕು. ಬಣ್ಣದ ಚೌಕಗಳ ಆ ಮಣೆಯ ಮೇಲೆ ಕಂಪನಿ ಕೇಳಿದ ಕೃತಿಸ್ವಾಮ್ಯವನ್ನು ಅವರು ಒಪ್ಪಲಿಲ್ಲ. ನಿಯಮವನ್ನು ತೋರಿಸಲು ಬೇರೆ ದಾರಿಯೇ ಇಲ್ಲದಷ್ಟು ಕಲ್ಪನೆ-ಅಭಿವ್ಯಕ್ತಿಗಳು ಒಂದಾಗಿರುವಲ್ಲಿ ಸ್ವಾಮ್ಯವನ್ನು ಕೊಟ್ಟರೆ ಆಟವನ್ನೇ ಒಬ್ಬರ ಕೈಗೆ ಕೊಟ್ಟಂತಾಗುತ್ತದೆ. ಆದರೆ ಹೆಸರಿನ ವಿಷಯದಲ್ಲಿ ಅವರು ಕಂಪನಿಯ ಪರವಾಗಿ ನಿಂತರು. ಹೆಸರು ವ್ಯಾಪಾರ ಮುದ್ರೆ. ಅದನ್ನು ಹೋಲುವ ಹೆಸರನ್ನು ಬಳಸಕೂಡದು. ಸೋದರರು ಹೆಸರನ್ನು ‘ಲೆಕ್ಸ್ಯುಲಸ್’ ಎಂದು ಬದಲಿಸಿದರು, ಏಳು ಬಿಲ್ಲೆಗಳ ಬದಲು ಎಂಟು ಬಿಲ್ಲೆ ಇಟ್ಟರು, ಅಕ್ಷರಗಳ ಅಂಕಗಳನ್ನು ತಮ್ಮದಾಗಿ ಮಾಡಿಕೊಂಡರು. ಅದೇ ಡಿಸೆಂಬರಿನಲ್ಲಿ ಹ್ಯಾಸ್‌ಬ್ರೊ ತನ್ನ ದಾವೆಯನ್ನು ಹಿಂತೆಗೆದುಕೊಂಡಿತು. ಆಟ ಉಳಿಯಿತು, ಎರವಲು ಹೆಸರು ಹೋಯಿತು. ಮೊದಲೇ ಪಡಬೇಕಾಗಿದ್ದ ಶ್ರಮವನ್ನು ಅವರು ನ್ಯಾಯಾಲಯದಿಂದ ಹೊರಬರುವಾಗ ಪಟ್ಟರು.

ಈ ತೀರ್ಪನ್ನು ಹಿಡಿದುಕೊಂಡು ‘ಹಾಗಾದರೆ ಹೆಸರೊಂದನ್ನು ಬದಲಿಸಿದರೆ ಸಾಕು’ ಎನ್ನುವವರೂ ಇದ್ದಾರೆ. ಅವರು 2012ರಲ್ಲಿ ನ್ಯೂಜೆರ್ಸಿಯ ನ್ಯಾಯಾಲಯ ಟೆಟ್ರಿಸ್ ಆಟದ ಬಗ್ಗೆ ಹೇಳಿದ್ದನ್ನೂ ಕೇಳಬೇಕು. ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ನಿಯಮ ಎಲ್ಲರದು. ಆದರೆ ತುಂಡುಗಳ ಆಕಾರ, ನೋಟ, ಮಣೆಯ ಅಳತೆ ಎಲ್ಲವನ್ನೂ ಇದ್ದಂತೆಯೇ ಇಳಿಸಿಕೊಂಡದ್ದು ಕೃತಿಚೌರ್ಯ ಎಂದಿತು ಆ ನ್ಯಾಯಾಲಯ. ಬಣ್ಣದ ಚೌಕಗಳ ಮಣೆ ಬೇರೆ, ಕಲಾವಿದನೊಬ್ಬ ಕುಳಿತು ಬಿಡಿಸಿದ ಚಿತ್ರಗಳು ಬೇರೆ. ಚೀಟಿಯ ಮೇಲಿನ ಒಗಟುಗಳು, ಒಕ್ಕಣೆ, ಹೆಸರು, ಇವೆಲ್ಲ ಯಾರೋ ಒಬ್ಬರ ದುಡಿಮೆ. ‘ನಿಯಮ ಎಲ್ಲರದು’ ಎಂಬ ತತ್ತ್ವ ಹೊಸ ಆಟವನ್ನು ಕಟ್ಟುವವನಿಗೆ ಸಿಕ್ಕ ಸ್ವಾತಂತ್ರ್ಯ. ಸ್ಕ್ಯಾನ್ ಮಾಡುವವನಿಗೆ ಅದರಲ್ಲಿ ಪಾಲಿಲ್ಲ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಪದದ ಆಟವನ್ನು ಕನ್ನಡಕ್ಕೆ ತರುವವನಿಗೆ ನಕಲು ನಿಜಕ್ಕೂ ಉಪಯೋಗಕ್ಕೆ ಬಾರದು. ಬಟ್ಸ್ ಮಹಾಶಯ ಪತ್ರಿಕೆಗಳನ್ನು ಹರಡಿಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದಕ್ಕೆ ತಕ್ಕಂತೆ ನೂರು ಬಿಲ್ಲೆಗಳನ್ನು ಹಂಚಿದ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ನಮ್ಮ ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ ನಾನ್ನೂರನ್ನು ಮೀರುತ್ತದೆ; ಒತ್ತಕ್ಷರ ಸೇರಿದರೆ ಲೆಕ್ಕವೇ ತಪ್ಪುತ್ತದೆ. ‘ಸಂಸ್ಕೃತಿ’ ಎಂಬ ಪದವನ್ನು ಎಷ್ಟು ಬಿಲ್ಲೆಗಳಲ್ಲಿ ಜೋಡಿಸಬೇಕು? ಒತ್ತು ಬೇರೆ ಬಿಲ್ಲೆಯೇ, ಗುಣಿತ ಬೇರೆಯೇ? ‘ಮನೆಯಲ್ಲಿ’ ಎಂಬ ವಿಭಕ್ತಿಯುಕ್ತ ರೂಪಕ್ಕೆ ಅಂಕವುಂಟೇ? ಈ ಪ್ರಶ್ನೆಗಳಿಗೆ ಉತ್ತರ ಅಮೆರಿಕದ ಪೆಟ್ಟಿಗೆಯಲ್ಲಿಲ್ಲ. ಕನ್ನಡದ ಪುಟಗಳನ್ನು ಎಣಿಸಿಯೇ ಅದನ್ನು ಪಡೆಯಬೇಕು. ಹಾಗೆ ಎಣಿಸಿದವನು ಯಾರ ಅನುಮತಿಗೂ ಕಾಯಬೇಕಾಗಿಲ್ಲ. ಹೊಸ ಹೆಸರು, ಹೊಸ ಮಣೆ, ಹೊಸ ಹಂಚಿಕೆ ಎಲ್ಲವೂ ಅವನದೇ. ಕೇಳಲು ನಾಚುವವರೇ ಎಣಿಸಲು ಸೋಮಾರಿಗಳಾಗಿರುವುದು ನಮ್ಮ ದೌರ್ಭಾಗ್ಯ.

ಎರಡನೆಯ ಸಮಾಧಾನ ನಮ್ಮ ಅಭಿಮಾನವನ್ನು ಕೆರಳಿಸುವಂಥದು. ಪಚ್ಚೀಸಿಯನ್ನು ‘ಪಾರ್ಚೀಸಿ’ ಎಂದು ಕರೆದು ಅಮೆರಿಕದಲ್ಲಿ 1874ರಲ್ಲಿಯೇ ಅದನ್ನು ವ್ಯಾಪಾರ ಮುದ್ರೆಯಾಗಿ ನೋಂದಾಯಿಸಿಕೊಂಡರು. ಅದನ್ನೇ ಸರಳಗೊಳಿಸಿ ಇಂಗ್ಲೆಂಡಿನಲ್ಲಿ 1896ರಲ್ಲಿ ‘ಲೂಡೊ’ ಎಂದು ಪೇಟೆಂಟು ಪಡೆದರು. ಪಾಪಪುಣ್ಯಗಳ ಮೆಟ್ಟಿಲೇರಿಸಿ ಮೋಕ್ಷಕ್ಕೆ ಒಯ್ಯುತ್ತಿದ್ದ ನಮ್ಮ ಹಾವು-ಏಣಿಯ ಆಟ ಅದೇ ಶತಮಾನದ ಕೊನೆಯಲ್ಲಿ ವಿಕ್ಟೋರಿಯಾ ಕಾಲದ ಮಕ್ಕಳ ನೀತಿಪಾಠವಾಯಿತು. ಇದೆಲ್ಲ ನಿಜ. ಆದರೆ ಇದರಿಂದ ಹೊರಡುವ ತೀರ್ಮಾನವೇನು? ಅವರು ಕೇಳದೆ ಒಯ್ದದ್ದು ಅನ್ಯಾಯವೆಂದು ನಾವು ನಂಬುವುದಾದರೆ, ಕೇಳದೆ ಒಯ್ಯುವುದು ಅನ್ಯಾಯವೆಂದು ಒಪ್ಪಿದಂತಾಯಿತು. ಅನ್ಯಾಯವಲ್ಲವೆನ್ನುವುದಾದರೆ ನಮ್ಮ ದೂರಿಗೆ ಆಧಾರವೇ ಇಲ್ಲ. ಎರಡನ್ನೂ ಒಂದೇ ಬಾಯಲ್ಲಿ ಆಡುವಂತಿಲ್ಲ. ಹಾಗೆ ನೋಡಿದರೆ ಪುರಾತನ ಆಟ ಒಯ್ದವರಿಗೂ ಮುಕ್ತವೇ, ನಮಗೂ ಮುಕ್ತವೇ. 2016ರಲ್ಲಿ ನವಿ ಮುಂಬಯಿಯ ಕಂಪನಿಯೊಂದು ‘ಲೂಡೊ ಕಿಂಗ್’ ಎಂದು ಅದೇ ಆಟವನ್ನು ಮೊಬೈಲಿಗೆ ತಂದು ಕೋಟ್ಯಂತರ ಜನರನ್ನು ತಲುಪಿತು.

ಪಾಶ್ಚಾತ್ಯರು ಪರರಿಂದ ಮಾತ್ರ ಕಿತ್ತುಕೊಂಡರು ಎಂಬುದೂ ತಪ್ಪು; ತಮ್ಮವರನ್ನೂ ಅವರು ಬಿಡಲಿಲ್ಲ. ಭೂಮಿ ಕೆಲವರ ಸ್ವತ್ತಾದರೆ ಉಳಿದವರ ಗತಿ ಏನಾಗುತ್ತದೆಂದು ತೋರಿಸಲು ಎಲಿಜಬೆತ್ ಮ್ಯಾಗಿ ಎಂಬ ಮಹಿಳೆ ‘ಜಮೀನ್ದಾರನ ಆಟ’ವೊಂದನ್ನು ರೂಪಿಸಿ 1904ರಲ್ಲಿ ಪೇಟೆಂಟು ಪಡೆದಳು. ಅದು ಮನೆಯಿಂದ ಮನೆಗೆ ಹಬ್ಬಿ, ರೂಪಾಂತರಗೊಂಡು, ಚಾರ್ಲ್ಸ್ ಡ್ಯಾರೋ ಎಂಬುವನ ಕೈಗೆ ಬಂತು. ಅವನು ಅದನ್ನು ತನ್ನ ಸೃಷ್ಟಿಯೆಂದು 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿದ. ಮೊನಾಪೊಲಿಯ ಪ್ರತಿ ಪೆಟ್ಟಿಗೆಗೂ ಗೌರವಧನ ಪಡೆದು ಅವನು ಲಕ್ಷಾಧೀಶನಾದ. ಮ್ಯಾಗಿಯ ಪೇಟೆಂಟನ್ನು ಕಂಪನಿ ಕೊಂಡದ್ದು ಐನೂರು ಡಾಲರಿಗೆ. ಮೂಲ ಕರ್ತೃವಿನ ಹೆಸರು ದಶಕಗಳ ಕಾಲ ಜನರ ನೆನಪಿನಿಂದಲೇ ಅಳಿಸಿಹೋಯಿತು. ಇಂದು ಕನ್ನಡದ ಆಟವೊಂದನ್ನು ಕರ್ತೃವಿನ ಹೆಸರಿಲ್ಲದೆ ‘ಸಂಘದ ಕೊಡುಗೆ’ ಎಂದು ಹಂಚುವ ಮಿತ್ರರು ತಮ್ಮನ್ನು ಈ ಕತೆಯಲ್ಲಿ ಯಾವ ಪಾತ್ರದೊಡನೆ ಹೋಲಿಸಿಕೊಳ್ಳುತ್ತಾರೆ? ಮ್ಯಾಗಿಯ ಪಾತ್ರವಂತೂ ಅವರದಲ್ಲ.

ಇನ್ನು ಮೂರನೆಯ ಸಮಾಧಾನ: ಸೇವೆ. ಇದು ನಮ್ಮ ಸಂಘಗಳ ಹಳೆಯ ರೋಗ. ಕನ್ನಡದ ಎಷ್ಟೋ ನಾಟಕ ಪುಸ್ತಕಗಳ ಆರಂಭದ ಪುಟದಲ್ಲಿ ಪ್ರದರ್ಶನಕ್ಕೆ ಮುನ್ನ ಲೇಖಕರ ಅನುಮತಿ ಪಡೆಯಬೇಕೆಂಬ ಸೂಚನೆ ಅಚ್ಚಾಗಿರುತ್ತದೆ. ಆ ಪುಟವನ್ನು ಮಗುಚಿ ಮುಂದೆ ಹೋಗುವುದೇ ನಮ್ಮ ರೂಢಿಯಾಗಿದೆ. ಧ್ವನಿವರ್ಧಕದವನಿಗೆ ಹಣವುಂಟು, ಉಪಾಹಾರಕ್ಕೆ ಹಣವುಂಟು. ನಾಟಕ ಬರೆದವನಿಗೆ ಮಾತ್ರ ‘ಕನ್ನಡಕ್ಕಾಗಿ’ ಎಂಬ ನಮಸ್ಕಾರ. ಶಿವರಾಮ ಕಾರಂತರ ವಿಷಯದಲ್ಲಿಯೂ ಇಂಥದೊಂದು ಪ್ರಶ್ನೆ ನ್ಯಾಯಾಲಯಕ್ಕೆ ಹೋದದ್ದನ್ನು ಹಲವರು ಬಲ್ಲರು. ಅವರು ಹೊಸದಾಗಿ ರೂಪಿಸಿದ ಯಕ್ಷಗಾನ ಬ್ಯಾಲೆಯ ಪ್ರದರ್ಶನವೊಂದು 2001ರಲ್ಲಿ ದಿಲ್ಲಿಯಲ್ಲಿ ನಡೆದಾಗ, ಅವರ ಮೃತ್ಯುಪತ್ರದಿಂದ ಹಕ್ಕು ಪಡೆದವರು ದಾವೆ ಹೂಡಿದರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಅದು ಹೋಯಿತು. ಯಕ್ಷಗಾನ ನಾಡಿನದು, ಕಾರಂತರು ಅದಕ್ಕೆ ಕೊಟ್ಟ ಹೊಸ ರೂಪ ಕಾರಂತರದು. ನ್ಯಾಯಾಲಯ ಆ ಹಕ್ಕನ್ನು ಮನ್ನಿಸಿತು. ಜೊತೆಗೆ, ಶಿಕ್ಷಣಕ್ಕಾಗಿ, ಲಾಭದ ಉದ್ದೇಶವಿಲ್ಲದೆ ನಡೆಯುವ ಕೆಲವು ಬಗೆಯ ಪ್ರದರ್ಶನಗಳಿಗೆ ಕಾಯಿದೆಯೇ ಕೊಟ್ಟಿರುವ ವಿನಾಯಿತಿಯನ್ನೂ ಉಳಿಸಿತು. ಆದರೆ ತರಗತಿಯೊಳಗಿನ ವಿನಾಯಿತಿ ಜಗತ್ತಿಗೆಲ್ಲ ತೆರೆದಿಟ್ಟ ಆ್ಯಪಿಗೆ ತಾನಾಗಿ ಹಬ್ಬುವುದಿಲ್ಲ. ಸಾವಿರ ಮನೆಗಳಿಗೆ ಪುಕ್ಕಟೆಯಾಗಿ ಹಂಚಿದ ಆಟವನ್ನು ‘ನಮ್ಮೊಳಗಿನ ಪಾಠ’ ಎನ್ನಲಾಗದು.

ಸೇವೆಯ ವೆಚ್ಚವನ್ನು ಭರಿಸುವವರು ಯಾರೆಂಬುದನ್ನೂ ಯೋಚಿಸಬೇಕು. ಕನ್ನಡದಲ್ಲಿ ಆಟದ ಪೆಟ್ಟಿಗೆ ಮಾಡುವವರು ಹ್ಯಾಸ್‌ಬ್ರೊಗಳಲ್ಲ. ಒಬ್ಬ ಶಿಕ್ಷಕಿ, ಒಬ್ಬ ಚಿತ್ರಕಾರ, ಸಾಲ ಮಾಡಿ ಕೆಲವು ನೂರು ಪ್ರತಿ ಅಚ್ಚು ಹಾಕಿಸುವ ಒಬ್ಬ ಪ್ರಕಾಶಕ. ಇಷ್ಟೇ ಅವರ ಬಳಗ. ಅವರ ಪೆಟ್ಟಿಗೆಯನ್ನು ಕೊಳ್ಳಬಹುದಾಗಿದ್ದ ಗಿರಾಕಿಗಳು ಬಹುಮಟ್ಟಿಗೆ ನಾವೇ. ಅದೇ ಆಟ ಸಂಘದ ಮೂಲಕ ಪುಕ್ಕಟೆ ಸಿಕ್ಕರೆ ಪೆಟ್ಟಿಗೆ ಗೋದಾಮಿನಲ್ಲಿ ಉಳಿಯುತ್ತದೆ. ಎರಡನೆಯ ಆಟವನ್ನು ಅವರು ಮಾಡುವುದಿಲ್ಲ. ಬಹುರಾಷ್ಟ್ರೀಯ ಕಂಪನಿ ವಕೀಲರನ್ನು ಕಳಿಸುತ್ತದೆ. ಬಡ ಪ್ರಕಾಶಕ ಸುಮ್ಮನಾಗುತ್ತಾನೆ. ಆ ಮೌನವನ್ನು ಒಪ್ಪಿಗೆಯೆಂದು ಬಗೆಯುವ ಸೇವೆ ಕನ್ನಡವನ್ನು ಬೆಳೆಸುವುದಿಲ್ಲ, ಕನ್ನಡದಲ್ಲಿ ದುಡಿಯುವವರನ್ನು ಒಬ್ಬೊಬ್ಬರನ್ನಾಗಿ ಕಡಿಮೆ ಮಾಡುತ್ತದೆ.

ಹಕ್ಕುದಾರರೆಲ್ಲ ಸಾಧುಗಳೆಂದು ಇದರ ಅರ್ಥವಲ್ಲ. ಪತ್ರಕ್ಕೆ ಉತ್ತರಿಸದವರಿದ್ದಾರೆ, ತಮ್ಮದಲ್ಲದ ನಿಯಮಕ್ಕೂ ಸುಂಕ ಕೇಳುವವರಿದ್ದಾರೆ. ಸ್ಕ್ರ್ಯಾಬಲ್ಲಿನ ಹಕ್ಕು ಎರಡು ಕಂಪನಿಗಳಲ್ಲಿ ಹಂಚಿಹೋದ ಕಾರಣ ಅಧಿಕೃತ ಆ್ಯಪುಗಳೂ ಬಹುಕಾಲ ದೇಶವಾರು ಬೇರೆ ಬೇರೆಯಾಗಿದ್ದವು. ಇಬ್ಬರ ಪರವಾನಗಿಯನ್ನೂ ಪಡೆದ ‘ಸ್ಕ್ರ್ಯಾಬಲ್ ಗೋ’ ಬಂದದ್ದು 2020ರಲ್ಲಿ. ಅಲ್ಲಿಯವರೆಗೆ ಮುಂಬಯಿಯ ಅಕ್ಕ ನ್ಯೂಜೆರ್ಸಿಯ ತಮ್ಮನೊಡನೆ ಅಧಿಕೃತ ಆಟವಾಡುವುದಕ್ಕೆ ಹಕ್ಕುಪತ್ರದ ಗಡಿಯೇ ಅಡ್ಡಿ. ಇಂಥ ಹಟಕ್ಕೆ ತಕ್ಕ ಉತ್ತರವನ್ನು ಕಾಯಿದೆಯೇ ಕೊಟ್ಟಿದೆ: ಅವರು ಒಪ್ಪದಿದ್ದರೆ ಅವರ ಹೆಸರು, ಚಿತ್ರ, ಒಕ್ಕಣೆಗಳನ್ನು ಅವರಿಗೇ ಬಿಟ್ಟು ನಮ್ಮ ಆಟವನ್ನು ನಾವೇ ಕಟ್ಟೋಣ. ಕೇಳಿದರೆ ಕೊಡುವವರೂ ಇಲ್ಲದಿಲ್ಲ. 2010ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ‘ಬೋರ್ಡ್ ಗೇಮ್ ಅರೀನಾ’ ಎಂಬ ತಾಣದಲ್ಲಿ ಆಟಗಳನ್ನು ಅಂತರ್ಜಾಲಕ್ಕೆ ಅಳವಡಿಸುವವರಲ್ಲಿ ಬಹುಮಂದಿ ಸ್ವಯಂಸೇವಕರೇ, ಅಂದರೆ ನಮ್ಮ ತರುಣರಂಥವರೇ. ಆದರೆ ಹಕ್ಕಿರುವ ಆಟವನ್ನು ಪ್ರಕಾಶಕರ ಪರವಾನಗಿಯಿಲ್ಲದೆ ಅಲ್ಲಿ ಬಿಡುಗಡೆ ಮಾಡುವಂತಿಲ್ಲ. ಈ ಕ್ರಮದಲ್ಲಿಯೇ ಅಲ್ಲಿ ನೂರಾರು ಆಟಗಳು ಸೇರಿವೆ. ಸೇವೆಗೂ ಶಿಸ್ತಿಗೂ ವೈರವಿಲ್ಲ.

ಹಾಗಾದರೆ ಕೇಳುವುದು ಹೇಗೆ? ದೂರವಾಣಿಯಲ್ಲಿ ‘ಆಗಲಿ, ಮಾಡಿಕೊಳ್ಳಿ’ ಎಂದದ್ದು ಸಾಲದು. ಪರವಾನಗಿ ಲಿಖಿತವಾಗಿರಬೇಕೆಂದು ನಮ್ಮ ಕಾಯಿದೆ ಹೇಳುತ್ತದೆ. ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಬರೆಯದಿದ್ದರೆ ಭಾರತಕ್ಕೆ ಸೀಮಿತವೆಂದೂ ತಿಳಿಯಲಾಗುತ್ತದೆ. ದುಬೈಯಲ್ಲೂ ಡಲ್ಲಾಸಿನಲ್ಲೂ ಬಂಧುಗಳನ್ನುಳ್ಳ ನಾವು ಇದನ್ನು ಮರೆಯಕೂಡದು. ಮೊಬೈಲು, ಗಣಕಯಂತ್ರ, ಮುಂದೆ ಬರುವ ಆವೃತ್ತಿಗಳು ಎಲ್ಲವನ್ನೂ ಹೆಸರಿಸಬೇಕು. ಪ್ರಕಾಶಕರ ಒಪ್ಪಿಗೆಯೊಂದೇ ಸಾಕೆಂದೂ ತಿಳಿಯಬಾರದು. ಹಕ್ಕಿನ ವರ್ಗಾವಣೆಯ ಕಾಲದಲ್ಲಿ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ, ಅದನ್ನು ಸ್ಪಷ್ಟವಾಗಿ ಹೆಸರಿಸಿರದಿದ್ದರೆ, ಆ ವರ್ಗಾವಣೆ ಅನ್ವಯಿಸದೆಂದು 2012ರ ತಿದ್ದುಪಡಿ ವಿಧಿಸಿದೆ. ಚಿತ್ರಕಾರನ ಡಿಜಿಟಲ್ ಹಕ್ಕು ಅವನಲ್ಲಿಯೇ ಉಳಿದಿರಬಹುದು, ಅವನನ್ನೂ ಕೇಳಬೇಕು. ಕರ್ತೃವೆಂದು ಹೆಸರು ಹೇಳಿಸಿಕೊಳ್ಳುವ ಹಕ್ಕು, ಸ್ವಾಮ್ಯವನ್ನು ಮಾರಿದ ಮೇಲೂ ಅವನದೇ ಎಂದು 57ನೆಯ ಕಲಮು ಹೇಳುತ್ತದೆ. ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಬೇಕು. ಆಗಲೂ ಬಾರದಿದ್ದರೆ ಬೇರೆ ಆಟವನ್ನು ಆರಿಸಬೇಕು. ಗೌರವಧನ ಎಷ್ಟೇ ಚಿಕ್ಕದಿರಲಿ, ಸಂಘದ ವಾರ್ಷಿಕ ಲೆಕ್ಕಪತ್ರದಲ್ಲಿ ಅದಕ್ಕೊಂದು ಕಲಮು ಇರಲಿ. ನಾಟಕಕ್ಕೂ ಅದೇ ಕಲಮು ಉಪಯೋಗಕ್ಕೆ ಬರುತ್ತದೆ.

ಕೇಳಬೇಕಾಗಿಯೇ ಇಲ್ಲದ ಭಂಡಾರವೊಂದು ನಮ್ಮಲ್ಲಿ ಬಿದ್ದಿದೆ ಎಂಬುದನ್ನೂ ಹೇಳಿಬಿಡಬೇಕು. ಚೌಕಾಬಾರ, ಪಗಡೆ, ಅಳಗುಳಿಮನೆ, ಹುಲಿ-ಕುರಿಯ ಆಟ, ಇವು ನಮ್ಮ ಅಜ್ಜಿಯರು ಕವಡೆ, ಹುಣಸೆ ಬೀಜಗಳಿಂದ ಜಗಲಿಯ ಮೇಲೆ ಆಡಿದವು, ಇವುಗಳಿಗೆ ಒಡೆಯನಿಲ್ಲ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆಟಗಳನ್ನು ಸಂಗ್ರಹಿಸಿಟ್ಟಿದ್ದಾರೆ, ಕರ್ತೃವಿನ ಆಯುಷ್ಯದ ಮೇಲೆ ಅರವತ್ತು ವರ್ಷಗಳೆಂಬ ಕಾಯಿದೆಯ ಮಿತಿ ಅಲ್ಲಿ ಎಂದೋ ಮುಗಿದಿದೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಇಂದಿನ ಕುಶಲಕರ್ಮಿಯೊಬ್ಬಳು ಬಟ್ಟೆಯ ಮೇಲೆ ಬಿಡಿಸಿದ ಚೌಕಾಬಾರದ ಚಿತ್ತಾರ ಅವಳದು. ಇಂದಿನ ವಿದ್ವಾಂಸನ ವಿವರಣೆ ಅವನದು. ಆಟವನ್ನು ತೆಗೆದುಕೊಳ್ಳಿ, ಚಿತ್ತಾರವನ್ನು ನೀವೇ ಬಿಡಿಸಿ, ಇಲ್ಲವೇ ಅವಳಿಂದ ಹಣ ಕೊಟ್ಟು ಬಿಡಿಸಿಕೊಳ್ಳಿ.

ಓದುಗ ಮಿತ್ರರೆ, ಪರನಾಡಿನಲ್ಲಿ ಬದುಕುವ ನಾವು ದಿನನಿತ್ಯ ಕೇಳುವ ದೂರೊಂದಿದೆ: ನಮ್ಮ ಭಾಷೆಗೆ ಬೆಲೆಯಿಲ್ಲ. ಬೆಲೆಯನ್ನು ಅನ್ಯರು ಕೊಡುವ ಮೊದಲು ನಾವು ಕೊಡಬೇಕಾಗುತ್ತದೆ. ಅದೂ ಅಕ್ಷರಶಃ, ರಸೀದಿಯೊಡನೆ. ಕನ್ನಡದಲ್ಲಿ ಒಂದು ಆಟವನ್ನು ಕಲ್ಪಿಸಿದವರಿಗೆ ಒಂದು ಪತ್ರ, ಒಂದು ಸಹಿ, ಒಂದಿಷ್ಟು ಹಣ, ಪರದೆಯ ಮೇಲೆ ಅವರ ಹೆಸರು. ಇಷ್ಟನ್ನು ಕೊಡಲಾರದ ಸಂಘ ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಿದ್ದೇನೆಂದು ಹೇಳಿಕೊಳ್ಳದಿರುವುದು ಮೇಲು. ಆ ಮಕ್ಕಳು ಪದಗಳ ಜೊತೆಗೆ ನಮ್ಮ ನಡತೆಯನ್ನೂ ಕಲಿಯುತ್ತಾರೆ.